ಅರ್ಧ ಗಂಟೆಯ ಮೌನವ್ರತ

ಹೊಟ್ಟೆಪಾಡಿಗೆ ಕೆಲವರು ಮೂಟೆ ಹೊರುತ್ತಾರೆ, ಕೆಲವರು ಲಾರಿ ಓಡಿಸುತ್ತಾರೆ. ನಾನು ನಗುತ್ತೇನೆ. (ಈ ಕೊಲ್ಲಿ ದೇಶದ ಸಲ್ಮಾಬಾದಿನ ಗೋದಾಮಿನಲ್ಲಿ ನನ್ನ ಹುದ್ದೆ ಟೈಪಿಸ್ಟ್ ಎಂದೇ ಇದೆ. ಅದು ಕಾಗದದ ಮೇಲಿನ ಮಾತು.) ನನ್ನ ನಿಜವಾದ ಕೆಲಸ ಶುರುವಾಗುವುದು ಶನಿವಾರ ಬೆಳಿಗ್ಗೆ, ಮ್ಯಾನೇಜರ್ ಲೆಸ್ಲಿ ಸಾಹೇಬರು ಒಳಗೆ ಬಂದು "ವಾಸು, ನಿನ್ನೆ ಕೇಳಿದೆಯಾ?" ಎಂದಾಗ.

ಇಲ್ಲಿ ವಾರದ ರಜೆ ಶುಕ್ರವಾರ; ಪ್ರತಿ ಶುಕ್ರವಾರ ಸಂಜೆ ಐದಕ್ಕೆ ಲಂಡನ್ ರೇಡಿಯೋ ಸ್ಟೇಷನ್ನಿನಿಂದ ಒಂದು ನಗೆ ನಾಟಕ ಬರುತ್ತಿತ್ತು. ಯುಸ್ಟೇಸ್ ಎಂಬ ಮುದುಕ, ಅವನು ಬಾಡಿಗೆಗಿದ್ದ ಮನೆಯ ಯಜಮಾನಿ ಸೂಸನ್, ಕಳೆದುಹೋದ ಒಂದು ತುತ್ತೂರಿ. ಇಷ್ಟು ನನಗೆ ತಿಳಿದಿತ್ತು. ಲಾನ್ಸೆಲೊಟ್ ಎಂಬವನೊಬ್ಬನೂ ಇದ್ದ. ಅವನು ಯಾರು, ಏನು ಮಾಡಿಕೊಂಡಿದ್ದಾನೆ ಎಂಬುದು ಹನ್ನೆರಡು ವಾರ ಕೇಳಿದರೂ ನನ್ನ ತಲೆಗೆ ಹತ್ತಿರಲಿಲ್ಲ. ಅಲ್ಲಿನ ಜನ ನಕ್ಕಾಗ ನಾನೂ ನಗುವುದು, ಶನಿವಾರ ಸಾಹೇಬರು ನಕ್ಕಾಗ ಇನ್ನೊಮ್ಮೆ ನಗುವುದು. ಇಷ್ಟೇ ನನ್ನ ಪಾಂಡಿತ್ಯ. ಸಾಹೇಬರು ಮಾತ್ರ "ಈ ಆಫೀಸಿನಲ್ಲಿ ಹಾಸ್ಯ ತಿಳಿದವನು ನೀನೊಬ್ಬನೇ" ಎಂದು ಬೆನ್ನು ತಟ್ಟುತ್ತಿದ್ದರು.

ಬೆನ್ನು ತಟ್ಟಿದ ಕೈಯಿಂದಲೇ ನನ್ನ ರಜೆಯ ಅರ್ಜಿಗೂ ಸಹಿ ಬಿದ್ದೀತೆಂದು ಕಾದೆ. ಮೇ ತಿಂಗಳಲ್ಲಿ ನನ್ನ ಹೆಂಡತಿ ಸುಂದರಿಯ ತಂಗಿ ಅಕ್ಕುವಿನ ಮದುವೆ, ಕಾಪುವಿನಲ್ಲಿ. ಅರ್ಜಿಯೋ ಸಾಹೇಬರ ಪೇಪರ್‌ವೇಟಿನ ಅಡಿಯಲ್ಲಿ ಮೂರು ವಾರದಿಂದ ಯೋಗನಿದ್ರೆಯಲ್ಲಿತ್ತು.

"ಇವತ್ತಾದ್ರೂ ಕೇಳಿದ್ರಾ?" ಎಂದು ಸುಂದರಿ ದಿನಾ ಬಾಗಿಲಲ್ಲೇ ಹಿಡಿಯುತ್ತಿದ್ದಳು.

"ದೊಡ್ಡವರ ಹತ್ತಿರ ಸಮಯ ನೋಡಿ ಕೇಳ್ಬೇಕು ಮಾರಾಯ್ತಿ."

"ನಿಮ್ಮ ಸಮಯ ಬರುವಾಗ ಅಕ್ಕುವಿಗೆ ಎರಡು ಮಕ್ಕಳಾಗಿರ್ತದೆ!"

ಏಪ್ರಿಲ್ ಕೊನೆಯ ಗುರುವಾರ ಆ ಸಮಯ ತಾನಾಗಿಯೇ ಬಂತು. ಸಾಹೇಬರು ನನ್ನನ್ನು ಒಳಗೆ ಕರೆದು, ಮನೆಯಲ್ಲಿ ಯಾರೋ ತೀರಿಹೋದಂತೆ ಮುಖ ಮಾಡಿದರು. ನಾಳೆ ನಾಟಕದ ಕೊನೆಯ ಕಂತು, ತುತ್ತೂರಿ ಕದ್ದವರು ಯಾರೆಂದು ಗೊತ್ತಾಗುವ ದಿನ. ಆದರೆ ನಾಳೆಯೇ ಬಂದರಿಗೆ ಹಡಗು, ಅವರು ಅಲ್ಲಿರಲೇಬೇಕು. ಅವರ ಟೇಪ್ ರೆಕಾರ್ಡರ್ ಕೆಟ್ಟು ರಿಪೇರಿಗೆ ಹೋಗಿದೆ.

"ನೀನು ಟೇಪ್ ಮಾಡಿ ಕೊಡು ವಾಸು. ಕಳ್ಳ ಯಾರೆಂದು ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಕ್ಯಾಸೆಟ್ ಕೈಗೆ ಬರಲಿ, ನಿನ್ನ ರಜೆಯ ವಿಷಯ ಅಂದೇ ಮುಗಿಸೋಣ."

ಗುಫೂಲಿನ ನಮ್ಮ ಫ್ಲ್ಯಾಟಿನ ಮೆಟ್ಟಿಲುಗಳನ್ನು ಅಂದು ಎರಡೆರಡಾಗಿ ಹತ್ತಿದೆ. ಸುದ್ದಿ ಕೇಳಿ ಸುಂದರಿಯೂ ಕುಣಿದಳು. ಕುಣಿದು ಮುಗಿದ ಮೇಲೆ ಒಂದು ಮಾತು ಎಸೆದಳು: "ಕೆಳಗೆ ಜಮೀಲಮ್ಮನಲ್ಲಿ ಟೂ-ಇನ್-ಒನ್ ಉಂಟು. ತರ್ಲಾ? ರೇಡಿಯೋದ್ದು ಸೀದಾ ಒಳಗೇ ಟೇಪ್ ಆಗ್ತದಂತೆ."

"ಬೇಡ! ನಮ್ಮಲ್ಲಿ ಏನು ಕಡಿಮೆ?"

(ನಮ್ಮಲ್ಲಿ ರೇಡಿಯೋ ಬೇರೆ, ಟೇಪ್ ರೆಕಾರ್ಡರ್ ಬೇರೆ. ಎರಡನ್ನೂ ಬೇರೆಬೇರೆ ಕೊಳ್ಳುವುದೇ ಬುದ್ಧಿವಂತಿಕೆ ಎಂದು ನಾನು ಎರಡು ವರ್ಷ ಜಮೀಲಮ್ಮನ ಗಂಡ ಮೂಸಬ್ಬನೊಡನೆ ವಾದಿಸಿದವನು. ಈಗ ಹೋಗಿ ಕೈಚಾಚುವುದೇ?)

ರೇಡಿಯೋದ ಎದುರು ರೆಕಾರ್ಡರ್ ಇಟ್ಟು ಟೇಪ್ ಮಾಡಬೇಕಾದರೆ ಮನೆಯಲ್ಲಿ ಸೂಜಿ ಬಿದ್ದ ಸದ್ದೂ ಇರಬಾರದು. ಶುಕ್ರವಾರ ಮಧ್ಯಾಹ್ನದಿಂದಲೇ ಯುದ್ಧಕಾಲದ ಸಿದ್ಧತೆ ನಡೆಯಿತು. ಗೋಡೆ ಗಡಿಯಾರಕ್ಕೆ ಕಂಬಳಿ ಹೊದಿಸಿದೆ. ಫ್ರಿಜ್ಜಿನ ಪ್ಲಗ್ ಕಿತ್ತೆ. ಕರೆಗಂಟೆಯ ವೈರ್ ಬಿಚ್ಚಿದೆ. ಕುಕ್ಕರನ್ನು ಮಂಚದ ಅಡಿಗೆ ತಳ್ಳಿದೆ. ಗುಂಯ್‌ಗುಡುವ ಎಸಿಯನ್ನೂ ಆರಿಸಿದೆ. ಉಳಿದ ಸದ್ದು ಒಂದೇ.

"ಸುಂದರೀ, ಅರ್ಧ ಗಂಟೆ ನೀನು ಮೌನವ್ರತ."

"ಅರ್ಧ ಗಂಟೆಯಾ! ನಮ್ಮ ಮದುವೆಯಲ್ಲಿ ಭಟ್ರೂ ನನ್ನನ್ನು ಅಷ್ಟು ಹೊತ್ತು ಸುಮ್ಮನೆ ಕೂರಿಸ್ಲಿಲ್ಲ."

"ಅಕ್ಕುವಿನ ಮದುವೆಗೆ ಹೋಗ್ಬೇಕಾ, ಬೇಡ್ವಾ?"

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕುರ್ಚಿಯಲ್ಲಿ ಕೂತಳು. ಐದಕ್ಕೆ ಸರಿಯಾಗಿ ಕೆಂಪು ಬಟನ್ ಒತ್ತಿದೆ. ನಾಟಕ ಶುರುವಾಯಿತು. ಐದು ನಿಮಿಷ, ಹತ್ತು ನಿಮಿಷ. ಎಸಿ ಇಲ್ಲದ ಕೋಣೆ ಇಡ್ಲಿ ಪಾತ್ರೆಯಾಯಿತು. ಸುಂದರಿ ತುದಿಗಾಲಲ್ಲಿ ನಡೆದು ಹೋಗಿ, ಗಾಳಿಗೆಂದು ಮುಂಬಾಗಿಲನ್ನು ಸದ್ದಿಲ್ಲದೆ ತೆರೆದಿಟ್ಟು ಬಂದಳು. ಅವಳ ಜಾಣ್ಮೆಗೆ ನಾನು ಮನದಲ್ಲೇ ಶಹಬ್ಬಾಸ್ ಎಂದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಕಟ್ಟಡದಲ್ಲಿ ಟೇಪ್ ರೆಕಾರ್ಡರಿಗೆ ಇದ್ದ ಕೆಲಸ ಒಂದೇ, ಊರಿಗೆ ಮಾತು ಕಳಿಸುವುದು. ಯಾರಾದರೂ ಊರಿಗೆ ಹೊರಟರೆ ಉಳಿದವರೆಲ್ಲ ಕಾಗದದ ಬದಲು ಕ್ಯಾಸೆಟ್ ತುಂಬಿಸಿ ಕೊಡುತ್ತಾರೆ. ಕೆಂಪು ಬಟನ್ ಒತ್ತಿದ್ದು ಕಂಡರೆ ನೆರೆಮನೆಯವರೂ ಬಗ್ಗಿ ಎರಡು ಮಾತು ಸೇರಿಸಬೇಕು, ಅದು ಮರ್ಯಾದೆ. ಸುಮ್ಮನೆ ಹೋದವರಿಗೆ ಬಿಂಕದವರು ಎಂಬ ಹೆಸರು ಗ್ಯಾರಂಟಿ.

ಇಪ್ಪತ್ತೆರಡನೆಯ ನಿಮಿಷಕ್ಕೆ ತೆರೆದ ಬಾಗಿಲಿನಿಂದ ಜಮೀಲಮ್ಮ ಬಂದರು, ಕೈಯಲ್ಲಿ ಸಮೋಸದ ತಟ್ಟೆ. ರೆಕಾರ್ಡರ್ ಕಂಡರು. ಕೆಂಪು ಬಟನ್ ಕಂಡರು. ಮುಖ ಅರಳಿತು.

"ಓ, ಊರಿಗಾ!" ಎಂದವರೇ ತಟ್ಟೆ ಕೆಳಗಿಟ್ಟು, "ಇದೆಂತ ನಡುವಲ್ಲಿ ಕಿರಿಕಿರಿ" ಎಂದು ರೇಡಿಯೋದ ಕಿವಿ ಹಿಂಡಿ ಸದ್ದು ತಗ್ಗಿಸಿ, ರೆಕಾರ್ಡರಿನ ಮೇಲೆ ಬಗ್ಗಿದರು. "ಸುಂದರಿಯ ಅಮ್ಮಾ, ನಾನು ಜಮೀಲಮ್ಮ, ಕೆಳಗಿನ ಫ್ಲ್ಯಾಟಿನವಳು. ಸೌಖ್ಯ ಅಲ್ವಾ? ಮಂಡಿನೋವು ಹೇಗುಂಟು?"

ನಾನು ಬೆರಳನ್ನು ತುಟಿಗಿಟ್ಟೆ. ಅವರು ನೋಡಲಿಲ್ಲ. ಎದುರು ಹೋಗಿ ಎರಡೂ ಕೈ ಜೋಡಿಸಿ ಬೇಡಿಕೊಂಡೆ.

"ನೋಡಿ ಅಮ್ಮ, ವಾಸು ಅಣ್ಣ ಇಲ್ಲಿ ನಿಮಗೆ ಕೈ ಮುಗೀತಿದ್ದಾರೆ. ಕಣ್ಣಲ್ಲಿ ನೀರುಂಟು. ಎಂಥ ಅಳಿಯ! ನೀವು ಕಳಿಸಿದ ಮಿಡಿ ಉಪ್ಪಿನಕಾಯಿ ನಮ್ಮ ಮನೆಯವರು ಒಂದೇ ವಾರದಲ್ಲಿ ಖಾಲಿ ಮಾಡಿದ್ರು. ಸುಂದರಿ ಮಾತ್ರ ಭಾರೀ ಸೊರಗಿದ್ದಾಳೆ ಅಮ್ಮ, ಊಟವೇ ಮಾಡುದಿಲ್ಲ."

ಸುಂದರಿಯ ಬಾಯಿಂದ ಸೆರಗು ಜಾರಿತು.

"ಅಮ್ಮಾ, ನಂಬ್ಬೇಡ! ನಾನು ಚಂದ ಇದ್ದೇನೆ! ಹೋದ ತಿಂಗಳು ಹೊಲಿಸಿದ ರವಿಕೆ ಈಗ ಹಿಡೀತದೆ!" ಎಂದು ಅವಳೂ ಬಗ್ಗಿದಳು. (ನಮ್ಮ ಮನೆಮಾತು ತುಳು, ಜಮೀಲಮ್ಮನದು ಬ್ಯಾರಿ. ನಡೆದ ಮಾತುಕತೆಯಲ್ಲಿ ಎರಡೂ ಧಾರಾಳವಾಗಿದ್ದವು, ಓದುಗರ ಅನುಕೂಲಕ್ಕೆ ಕನ್ನಡ ಮಾಡಿದ್ದೇನೆ.) "ಸೊರಗಿದ್ರೆ ಅದು ಲೀವಿನ ಚಿಂತೆಯಲ್ಲಿ. ಲೆಸ್ಲಿ ಸಾಹೇಬ್ರು ಲೀವ್ ಅಪ್ಲಿಕೇಶನನ್ನು ಪೇಪರ್‌ವೇಟಿನ ಅಡಿಗೆ ಹಾಕಿ ಮೂರು ವಾರ ಆಯ್ತು. ಇವರಿಗೆ ಕೇಳ್ಲಿಕ್ಕೆ ಧೈರ್ಯ ಇಲ್ಲ. ಅರ್ಥ ಆಗದ ರೇಡಿಯೋ ಹಾಕ್ಕೊಂಡು ಹಲ್ಲು ಕಿಸೀತಾರೆ, ಅಷ್ಟೇ!"

ಲಂಡನ್ನಿನಲ್ಲಿ ಜನ ಹೋ ಎಂದು ನಕ್ಕರು. ಇವಳ ಮಾತಿಗೇ ನಕ್ಕಂತಿತ್ತು.

"ಶಟಪ್!" ಎಂದು ಕಿರುಚಿದೆ. ಜನ ಇನ್ನೂ ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದರು. ಬ್ಯಾಂಡು ಬಾರಿಸಿತು. ನಾಟಕ ಮುಗಿಯಿತು. ತುತ್ತೂರಿ ಕದ್ದವನು ಯಾರೆಂಬ ಪರಮ ರಹಸ್ಯ ಅಷ್ಟರೊಳಗೆ ಎಲ್ಲೋ ಮಿಡಿ ಉಪ್ಪಿನಕಾಯಿಯ ಭರಣಿಯಲ್ಲಿ ಮುಳುಗಿ ಹೋಗಿತ್ತು.

ನನಗೆ ಅಳುವೇ ಬಂತು. ಜಮೀಲಮ್ಮ ವಿಷಯ ತಿಳಿದು, "ಅಲ್ಲ ವಾಸು ಅಣ್ಣ, ಒಂದು ಮಾತು ಹೇಳಿದ್ರೆ ನಮ್ಮ ಟೂ-ಇನ್-ಒನ್ ಕೊಡ್ತಿರ್ಲಿಲ್ವಾ?" ಎಂದರು. ಸುಂದರಿ ನನ್ನನ್ನು ನೋಡಿದ ನೋಟವನ್ನು ವರ್ಣಿಸುವ ಶಕ್ತಿ ನನಗಿಲ್ಲ.

ಮರುದಿನ ಯಂತ್ರ ಕೆಟ್ಟಿತು ಎಂದು ಸುಳ್ಳು ಹೇಳುವುದೆಂದು ತೀರ್ಮಾನಿಸಿ ಹೊರಟೆ. ಆದರೆ ಆಫೀಸಿನಲ್ಲಿ ಬುತ್ತಿಚೀಲ ಮೇಜಿನ ಮೇಲಿಟ್ಟಾಗ ಕ್ಯಾಸೆಟ್ ಹೊರಗೆ ಇಣುಕಿತು. ನನ್ನ ಸುಳ್ಳಿನ ಯೋಜನೆ ತಿಳಿಯದ ಸುಂದರಿ, ಮರೆತೀತೆಂದು ತಾನೇ ಹಾಕಿದ್ದಳು. ಸಾಹೇಬರು ಗಿಡುಗನಂತೆ ಬಂದು ಅದನ್ನು ಎತ್ತಿಕೊಂಡು ಹೋದರು, ಪಕ್ಕದ ಮನೆಯ ಯಂತ್ರದಲ್ಲಿ ಕೇಳುತ್ತಾರಂತೆ. ಅಂದು ನನ್ನ ಟೈಪಿಂಗಿನಲ್ಲಿ ಒಂದು ಪದವೂ ನೆಟ್ಟಗಿರಲಿಲ್ಲ.

ಭಾನುವಾರ ಸಾಹೇಬರ ಕೋಣೆಗೆ ಕರೆ ಬಂತು. ಸಾಹೇಬರು ಗಂಭೀರವಾಗಿ ಕೇಳಿದರು: "ವಾಸು, ಟೇಪಿನಲ್ಲಿ ಕೊನೆಯದು ಕೇಳಿಸಲಿಲ್ಲ. ನೀನಂತೂ ಕೇಳಿದ್ದೀಯಲ್ಲ, ತುತ್ತೂರಿ ಕದ್ದದ್ದು ಯಾರು?"

ಹಿಂದೆ ಮುಂದೆ ನೋಡದೆ ಹೇಳಿಬಿಟ್ಟೆ: "ಲಾನ್ಸೆಲೊಟ್, ಸರ್."

"ಲಾನ್ಸೆಲೊಟ್?" ಸಾಹೇಬರು ಕನ್ನಡಕ ತೆಗೆದರು. "ವಾಸು, ಲಾನ್ಸೆಲೊಟ್ ಅಂದರೆ ಸೂಸನ್ನಳ ಗಾಜಿನ ಬುಡ್ಡಿಯಲ್ಲಿರುವ ಮೀನು."

ಗೋದಾಮಿನ ನೆಲ ಬಾಯಿ ಬಿಡಲಿಲ್ಲ. ಸಾಹೇಬರು ಮಾತ್ರ ಮೇಜು ಬಡಿದು ಬಡಿದು, ಕಣ್ಣೀರು ಬರುವಷ್ಟು ನಕ್ಕರು. ಮೊದಲ ಸಲ ನಾನು ಜೊತೆಗೆ ನಗಲಿಲ್ಲ.

"ಐವಿಗೆ ಈ ನಾಟಕ ಕಂಡರೆ ಆಗುತ್ತಿರಲಿಲ್ಲ. ನಿನ್ನೆ ಮೂರು ಸಲ ಹಾಕಿಸಿ ಕೇಳಿದಳು," ಎಂದರು ಕಣ್ಣೊರೆಸಿಕೊಂಡು. ಐವಿ ಎಂದರೆ ಅವರ ಮನೆಯಾಕೆ. "ಭಾಷೆ ಬೇಡ, ಗಂಡನನ್ನು ಬೈಯುವುದು ನನಗೆ ಅರ್ಥವಾಗುತ್ತದೆ ಅಂದಳು. ಆಮೇಲೆ, ಅದರಲ್ಲಿ ನಿಮ್ಮ ಹೆಸರು ಯಾಕೆ, ಲೀವ್ ಯಾಕೆ, ಪೇಪರ್‌ವೇಟ್ ಯಾಕೆ ಎಂದು ನನ್ನನ್ನೇ ಹಿಡಿದಳು. ಆ ಹೆಂಗಸಿನ ಲೀವ್ ಕೊಡುವವರೆಗೆ ನನಗೆ ಮನೆಯಲ್ಲಿ ನೆಮ್ಮದಿಯಿಲ್ಲ."

ಪೇಪರ್‌ವೇಟ್ ಮೇಲೆದ್ದಿತು! ಸಹಿ ಬಿತ್ತು! ಕಾಗದ ಕೈಗೆ ಬಂದ ಮೇಲೆ ಓದಿದೆ. ಶ್ರೀಮತಿಗೆ ಮೇ ತಿಂಗಳಿಗೆ ವಿಮಾನದ ಟಿಕೆಟ್ ಮಂಜೂರು. ನನ್ನ ರಜೆ ಆಗಸ್ಟಿನಲ್ಲಿ.

"ಮೇ ಮೊದಲ ಶುಕ್ರವಾರದಿಂದ ಹೊಸ ನಾಟಕ ಶುರುವಾಗುತ್ತದೆ ವಾಸು," ಎಂದರು ಸಾಹೇಬರು, "ಆ ತಿಂಗಳಿಡೀ ಶುಕ್ರವಾರಕ್ಕೇ ಹಡಗು. ನಿನಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಬಟನ್ ಒತ್ತಲು ಬರುತ್ತದಲ್ಲ?"

ಸುಂದರಿ ಹಾರಿದಳು. ನಾನು ಮೇ ತಿಂಗಳ ಶುಕ್ರವಾರಗಳಲ್ಲಿ ಗಡಿಯಾರಕ್ಕೆ ಕಂಬಳಿ ಹೊದಿಸಿ, ಬಾಗಿಲು ಭದ್ರ ಮಾಡಿ, ಬೆವರು ಸುರಿಸುತ್ತ ಟೇಪ್ ಮಾಡಿದೆ. ಒಂದು ಕೆಮ್ಮೂ ಇಲ್ಲದ ಶುದ್ಧ ಟೇಪ್. ಸಾಹೇಬರು ಕೇಳಿ, "ಚೆನ್ನಾಗಿದೆ. ಆದರೂ ಏನೋ ಸಪ್ಪೆ," ಎಂದರು. ನನಗೂ ಮನೆ ಹಾಗೆಯೇ ಅನಿಸುತ್ತಿತ್ತು.

ತಿಂಗಳ ಕೊನೆಗೆ ಊರಿನಿಂದ ಬಂದವರೊಬ್ಬರು ಕ್ಯಾಸೆಟ್ ತಂದುಕೊಟ್ಟರು. ಆತುರದಿಂದ ಹಾಕಿದೆ. ವಾಲಗದ ಸದ್ದು, ಮಕ್ಕಳ ಗಲಾಟೆ, ಅದರ ನಡುವೆ ಯಾರೋ ಅಜ್ಜಿಯ ಸ್ವರ: "ಅಲ್ಲ ಸುಂದರೀ, ನಿನ್ನ ಗಂಡ ಯಾಕೆ ಬರ್ಲಿಲ್ಲ? ಅಷ್ಟು ದೊಡ್ಡ ಕೆಲಸವಾ ಅಲ್ಲಿ?"

"ದೊಡ್ಡ ಕೆಲಸವೇ ಅಜ್ಜಿ," ಎಂದಿತು ನನ್ನ ಹೆಂಡತಿಯ ಸ್ವರ, "ಬಾಯಿ ಮುಚ್ಚಿ ರೇಡಿಯೋದ ಎದುರು ಕೂರುದು."

ಮದುವೆಮನೆಯೆಲ್ಲ ಹೋ ಎಂದು ನಕ್ಕಿತು. ಆ ನಗು ಮಾತ್ರ ನನಗೆ ಪೂರ್ತಿ ಅರ್ಥವಾಯಿತು.