ಮೌಸ್ ಮುಟ್ಟದ ಭಾವ

ನಮ್ಮ ಭಾವನಿಗೆ ಮಾತು ಕಡಿಮೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಧಾರಾಳವಾಗಿ ಮಾತಾಡುತ್ತಾರೆ, ಮನುಷ್ಯರ ಜೊತೆಗಲ್ಲ ಅಷ್ಟೆ! ಅವರು ಮನಸ್ಸು ಬಿಚ್ಚುವುದು ಉದಯಗಿರಿಯ ಒಂದು ಖಾಸಗಿ ಕಾಲೇಜಿನ ಕಬ್ಬಿಣದ ಪೆಟ್ಟಿಗೆಯೊಂದರ ಮುಂದೆ. ಕಾಲೇಜಿನ ಅಷ್ಟೂ ಕಂಪ್ಯೂಟರುಗಳ ಕೇಬಲ್ಲು ಬಂದು ಸೇರುವ ಆ ಪೆಟ್ಟಿಗೆಗೆ ನೆಟ್‌ವರ್ಕ್ ಸ್ವಿಚ್ ಎಂದು ಹೆಸರು. ಅದನ್ನು ನೋಡಿಕೊಳ್ಳುವ ಗುತ್ತಿಗೆ ಭಾವನದು. ಅದೇ ಕಾಲೇಜಿನಲ್ಲಿ ಗುಮಾಸ್ತನಾಗಿರುವ ನಾನೇ ಪ್ರಿನ್ಸಿಪಾಲರ ಕೈಕಾಲು ಹಿಡಿದು ಅದನ್ನು ಕೊಡಿಸಿದ್ದೆ. ನನ್ನ ಬುದ್ಧಿಗೆ ಏನೆನ್ನಬೇಕು!

ಈಗ ಅಂಥ ಪೆಟ್ಟಿಗೆಗಳನ್ನು ಮೌಸ್ ಹಿಡಿದು, ಬಣ್ಣಬಣ್ಣದ ಚಿತ್ರ ಒತ್ತಿ ಸರಿಮಾಡಬಹುದಂತೆ. ಭಾವನಿಗೆ ಅದು ಆಗದು. "ಮೌಸ್ ಹಿಡಿಯೋದು ಅಂದ್ರೆ ಈ ವಯಸ್ಸಲ್ಲಿ ತುತ್ತು ಹಾಕಿಸ್ಕೊಂಡಂಗೆ ಕಣಯ್ಯಾ" ಎನ್ನುತ್ತಾರೆ. ಕರಿ ಪರದೆ, ಬಿಳಿ ಅಕ್ಷರ, ಒಂದೊಂದು ಸಾಲಿಗೂ ಗಂಟಲಲ್ಲೇ ಮಂತ್ರ! ಅಲ್ಲಿ ಕೇಬಲ್ಲು ಸಿಕ್ಕಿಸುವ ಒಂದು ಕಿಂಡಿಯನ್ನು ತೆರೆಯಬೇಕಾದರೆ "ಮುಚ್ಚಬೇಡ" ಎಂದು ಟೈಪ್ ಮಾಡಬೇಕಂತೆ. ಅದೇ ಚಾಳಿ ಮನೆಗೂ ಬಂತು. ಕಾಫಿ ಬೇಕಾದರೆ, "ಕಾಫಿ ಕೊಡದೆ ಇರಬೇಡ ಕಣೇ."

ಅಕ್ಕನೂ ಕಲಿತುಬಿಟ್ಟಳು. "ನಿಮ್ಮನ್ನ ಕಟ್ಕೋಬಾರದಿತ್ತು ಅಂತ ಹೇಳದೆ ಇರಕ್ಕಾಗ್ತಿಲ್ಲ ಕಣ್ರೀ!"

ಒಮ್ಮೆ ರಾಜೀವನಗರದ ಮನೆಯಲ್ಲಿ ಲುಂಗಿಯುಟ್ಟು ಕೂತೇ ಕಾಲೇಜಿನ ಸ್ವಿಚ್ಚಿಗೆ ಅಪ್ಪಣೆ ಕೊಡಿಸುತ್ತಿದ್ದರು. ಬೇಡದ ಕಿಂಡಿಗಳನ್ನೆಲ್ಲ ಮುಚ್ಚುವ ಹುಮ್ಮಸ್ಸಿನಲ್ಲಿ ತಾವು ಯಾವ ಕಿಂಡಿಯಿಂದ ಒಳಗೆ ಹೋಗಿದ್ದರೋ ಅದನ್ನೇ ಮುಚ್ಚಿದರು! ಪರದೆ ಮೂಕವಾಯಿತು, ಕಾಲೇಜಿನ ಇಂಟರ್ನೆಟ್ ನಿಂತುಹೋಯಿತು. ಅದೇ ಲುಂಗಿಯಲ್ಲಿ ಸ್ಕೂಟರ್ ಹತ್ತಿ ಬಂದರು. ಬಂದವರು ತಪ್ಪೊಪ್ಪಿಕೊಂಡರೆ? ಉಂಟೇ!

"ನಾನು ಟೈಪ್ ಮಾಡಿದ್ರಲ್ಲಿ ಒಂದಕ್ಷರ ತಪ್ಪಿಲ್ಲ ಸಾರ್. ಹೇಳಿದ್ದನ್ನ ಹಂಗೇ ಮಾಡೈತೆ, ಅದರ ನಿಯತ್ತು ನೋಡಿ!"

ಪ್ರಿನ್ಸಿಪಾಲರು ಅದರ ನಿಯತ್ತು ನೋಡಲಿಲ್ಲ, ನನ್ನ ಮುಖ ನೋಡಿದರು. "ಇನ್ನೊಂದ್ಸಲ ಹಿಂಗಾದ್ರೆ ನಿಮ್ಮ ಭಾವನ ಗುತ್ತಿಗೆ ಮುಗೀತು, ತಿಳ್ಕೊಳ್ಳಿ." ಆ ಗುತ್ತಿಗೆ ಬಿಟ್ಟರೆ ಭಾವನಿಗೆ ಬೇರೆ ಕೆಲಸವಿರಲಿಲ್ಲ. ಅಂದಿನಿಂದ ಇಂಟರ್ನೆಟ್ ಸ್ವಲ್ಪ ನಿಧಾನವಾದರೂ ನಾನು ಭಾವನಿಗೆ ಫೋನ್ ಮಾಡುತ್ತಿದ್ದೆ.

ಕಾಲೇಜಿನಲ್ಲಿ ಆಯುಧಪೂಜೆ ಇಟ್ಟುಕೊಂಡ ದಿನವೇ ಪರೀಕ್ಷೆಗೆ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಲು ಕಡೆಯ ದಿನ. ಮಧ್ಯಾಹ್ನದ ಹೊತ್ತಿಗೆ ಇಡೀ ನೆಟ್‌ವರ್ಕ್ ಸತ್ತುಹೋಯಿತು. ಹುಡುಗರ ಗಲಾಟೆ ಗೇಟಿನವರೆಗೆ! ಭಾವ ಓಡಿ ಬಂದು ಲ್ಯಾಪ್‌ಟಾಪ್ ಸಿಕ್ಕಿಸಿ ಕರಿ ಪರದೆ ತೆರೆದರು. ಎರಡು ಸಾಲು ಓದಿ, ಪೆಟ್ಟಿಗೆಯ ಹಿಂದಕ್ಕೆ ಬಗ್ಗಿದರು. ನಾನೂ ಬಗ್ಗಿದೆ.

ಕೇಬಲ್ಲುಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಪೆಟ್ಟಿಗೆಯ ನೆತ್ತಿಗೆ ಅರಿಶಿನ ಕುಂಕುಮ, ಮೇಲೊಂದು ಚೆಂಡು ಹೂವಿನ ಹಾರ. ಆಯಾ ಪುಟ್ಟತಾಯಮ್ಮ ಪೂಜೆಗೆಂದು ಎಲ್ಲವನ್ನೂ ಒರೆಸಿದ್ದರು. ಜೋತಾಡುತ್ತಿದ್ದ ಒಂದು ಕೇಬಲ್ಲಿನ ತುದಿಯನ್ನು, ನೋಡಲು ಚೆನ್ನಾಗಿರಲಿ ಎಂದು, ಅದೇ ಪೆಟ್ಟಿಗೆಯ ಖಾಲಿ ಕಿಂಡಿಗೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿ ಮೊದಲೇ ಆ ಪೆಟ್ಟಿಗೆಯಲ್ಲಿತ್ತು! ಕಂಪ್ಯೂಟರುಗಳು ಕಳಿಸಿದ್ದೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬಂದು, ಬೇರೆ ಯಾವುದಕ್ಕೂ ದಾರಿಯಿಲ್ಲದಂತಾಗಿತ್ತು. ಭಾವ ಎರಡು ಸಾಲು ಟೈಪ್ ಮಾಡಿ ಆ ಕಿಂಡಿ ಮುಚ್ಚಿದರು. ಕಾಲೇಜಿಗೆ ಜೀವ ಬಂತು.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. "ಯಾರ್ರೀ ಇದನ್ನ ಮುಟ್ಟಿದ್ದು? ಅವರನ್ನ ಈಗ್ಲೇ ಮನೆಗೆ ಕಳಿಸ್ತೀನಿ!"

ಬಾಗಿಲ ಬಳಿ ಪುಟ್ಟತಾಯಮ್ಮ ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

"ನಾನೇ ಸಾರ್" ಎಂದರು ಭಾವ. "ಬೆಳಗ್ಗೆ ಮನೆಯಿಂದ ಒಂದು ಸಾಲು ತಪ್ಪಾಗಿ ಟೈಪ್ ಮಾಡ್ಬುಟ್ಟೆ."

ನಾನು ಬಾಯಿ ತೆರೆಯುವ ಮೊದಲೇ ನನ್ನ ಕಾಲು ತುಳಿದರು. ಹಬ್ಬ ಕಳೆದ ಮೇಲೆ ಬರುವುದು ಬೇಡ ಎಂದು ಪ್ರಿನ್ಸಿಪಾಲರು ಅಲ್ಲೇ ಹೇಳಿದರು.

ಹೊರಗೆ ಬಂದ ಮೇಲೆ ರೇಗಿದೆ. "ಅಕ್ಕನಿಗೇನು ಹೇಳೋದು ಭಾವಾ? ಯಾಕ್ ಹಂಗಂದ್ರಿ?"

ಸ್ಕೂಟರಿನ ಸೀಟು ಒರೆಸುತ್ತ ಅವರು ಮೆಲ್ಲಗೆ ಹೇಳಿದರು: "ಇಷ್ಟು ವರ್ಷದಲ್ಲಿ ಆ ಪೆಟ್ಟಿಗೆಗೆ ಹೂ ಮುಡಿಸ್ದೋರು ಆಯಮ್ಮ ಒಬ್ರೇ ಕಣಯ್ಯಾ."

ಅವರ ಹಿಂದೆ ಸ್ಕೂಟರ್ ಹತ್ತಿದೆ. ಮನೆ ಬರುವವರೆಗೂ ಅವರ ಹೆಗಲ ಮೇಲಿಟ್ಟ ಕೈ ತೆಗೆಯಲಿಲ್ಲ.