ಹನ್ನೆರಡು ಏಡಿಗಳ ಕ್ಷೇಮ ವಿಚಾರಣೆ

ಗದ್ದೆಯ ಬದುವಿನ ಮೇಲೆ ನೋಟ್‌ಬುಕ್ ಹಿಡಿದು ಕೂತವನಿಗೆ ಬುದ್ಧಿ ಹೇಳುವ ಹಕ್ಕು ಊರಿನ ಎಲ್ಲರಿಗೂ ಇದೆ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲದಲ್ಲಿ ನಾನು ಒಂದು ಮಳೆಗಾಲ ಪೂರ್ತಿ ಕೂತಿದ್ದೆ. ಆಗ ನಡೆದದ್ದು ಇಷ್ಟು. ಒಂದರಲ್ಲೂ ತಪ್ಪು ನನ್ನದಲ್ಲ.

೧. ಬಸ್ಸಿನಲ್ಲಿ

ಮಂಗಳೂರಿನ ನನ್ನ ಪ್ರೊಫೆಸರರು ಸಮುದ್ರ ಇಳಿದಾಗ ಮರಳು ಅಗೆದು, ಬಿಲದಲ್ಲಿ ವಾಸಿಸುವ ಸಿಗಡಿಗಳನ್ನು ಅಧ್ಯಯನ ಮಾಡುತ್ತಿದ್ದರು. ತಾಯಿ ಸಿಗಡಿ ಹೊಟ್ಟೆಯಡಿ ಮೊಟ್ಟೆ ಹೊತ್ತು ಬಿಲದೊಳಗೇ ಇರುತ್ತದೆ. ನಾನು ಬಿ.ಎಸ್ಸಿ. ಮುಗಿಸಿ ಊರಿಗೆ ಹೊರಟಾಗ ಅವರು ಹೇಳಿದರು: "ನಿಮ್ಮ ಕೊಡಗಿನಲ್ಲಿ ಸಮುದ್ರ ಇಲ್ಲ, ಇರಲಿ. ಗದ್ದೆಯ ಏಡಿಯೂ ಬಿಲದಲ್ಲೇ ಮೊಟ್ಟೆ ಹೊರುತ್ತದೆ. ತಾಯಿ ಮೊಟ್ಟೆ ಹೊತ್ತ ದಿನದಿಂದ ಮರಿ ಬಿಟ್ಟ ದಿನದವರೆಗೆ ಸರಿಯಾದ ದಾಖಲೆ ತನ್ನಿ. ನಮ್ಮ ಕಾಲೇಜಿನ ಡೆಮಾನ್‌ಸ್ಟ್ರೇಟರ್ ಕೆಲಸ ನಿಮಗೆ. ತಾರದಿದ್ದರೆ ಬೇರೆಯವರಿಗೆ."

ನಾಪೋಕ್ಲು ಬಸ್ಸಿನಲ್ಲಿ ಪಕ್ಕದವರು ವಿಚಾರಿಸಿದರು.

"ಎಂಥ ಓದಿದ್ದು?"

"ಪ್ರಾಣಿಶಾಸ್ತ್ರ."

"ಈಗ ಎಂಥ ಕೆಲಸ?"

"ನಮ್ಮ ಗದ್ದೆಯಲ್ಲಿ ಏಡಿ ಮೊಟ್ಟೆ ನೋಡುವುದು."

ಅವರು ತಿರುಗಿ ಕೂತರು. ಹಿಂದಿನ ಸೀಟಿನವರಿಗೆ ಸಮಾಧಾನ ಹೇಳಿದರು: "ಪರವಾಗಿಲ್ಲ, ಮನೆಯಲ್ಲಿ ಗದ್ದೆ ಇದೆಯಂತೆ."

೨. ಹೊಣೆಗಾರಿಕೆ

ಇನ್ನೂ ಮೊಟ್ಟೆ ಹೊರದ ಹನ್ನೆರಡು ಹೆಣ್ಣೇಡಿಗಳನ್ನು ಹಿಡಿದೆ. ಬೆನ್ನು ಒರೆಸಿ, ಬಿಳಿ ಬಣ್ಣದಲ್ಲಿ ಒಂದರಿಂದ ಹನ್ನೆರಡರವರೆಗೆ ನಂಬರ್ ಬರೆದು, ಅವುಗಳ ಬಿಲಕ್ಕೇ ಬಿಟ್ಟೆ. ಮೂರನೆಯ ದಿನ ಕೆಳಗಿನ ಗದ್ದೆಯ ಯಜಮಾನರು ಕೊಡೆ ಹಿಡಿದು ಬಂದರು.

"ನಿನ್ನ ನಾಲ್ಕನೇ ನಂಬರು ನನ್ನ ಬದು ತೂತು ಮಾಡಿದೆ. ನೀರೆಲ್ಲ ಹೋಯಿತು. ಬಂದು ಮುಚ್ಚು."

"ಏಡಿ ತೂತು ಮಾಡುವುದು ಹೊಸತಾ?"

"ಹಳೇದೇ. ಆದರೆ ಇಷ್ಟು ವರ್ಷ ಅದಕ್ಕೆ ಯಜಮಾನ ಇರಲಿಲ್ಲ."

"ನನ್ನವು ಹನ್ನೆರಡೇ. ನಿಮ್ಮ ಬದುವಿನಲ್ಲಿ ನಲವತ್ತು ತೂತು ಇದೆ!"

"ಉಳಿದವಕ್ಕೆ ನೀನಿನ್ನೂ ನಂಬರ್ ಹಾಕಿಲ್ಲ, ಅಷ್ಟೇ ಮಾರಾಯ."

ಎರಡು ದಿನ ಮಳೆಯಲ್ಲಿ ಮಣ್ಣು ಮೆತ್ತಿದೆ. ಅವರು ಕೊಡೆಯಡಿ ನಿಂತು ನೋಡಿ ಮೆಚ್ಚಿದರು: "ಓದಿದವರು ಮೆತ್ತಿದ್ದು ಗಟ್ಟಿ ಇರುತ್ತೆ. ಮೇಲಿನ ಬದುವೂ ಸ್ವಲ್ಪ ನೋಡು."

೩. ಅನುಮತಿ

ಕಂದಾಯದ ಪಾರುಪತ್ಯಗಾರರು ಗದ್ದೆ ನೋಡಲು ಬಂದಾಗ ಏಳನೇ ನಂಬರು ಬದುವಿನ ಮೇಲೆಯೇ ಕೂತಿತ್ತು.

"ಇದು ಯಾವ ಇಲಾಖೆಯ ನಂಬರು? ಇಷ್ಟು ಸಣ್ಣ ರಾಜ್ಯದಲ್ಲಿ ನನಗೆ ಗೊತ್ತಿಲ್ಲದ ಇಲಾಖೆ ಎಲ್ಲಿಂದ ಬಂತು?"

"ನಾನು ಹಾಕಿದ್ದು ಸಾರ್."

"ಅನುಮತಿ?"

"ಏಡಿಯದ್ದಾ?"

"ಮಡಿಕೇರಿಯದ್ದು!"

ಅಲ್ಲೇ ಅರ್ಜಿ ಬರೆಸಿದರು. ಕಾರಣ ಕೇಳಿದ್ದಕ್ಕೆ, 'ಹೆಣ್ಣೇಡಿ ಮೊಟ್ಟೆ ಹೊರುವ ದಿನಗಳನ್ನು ತಿಳಿಯಲು' ಎಂದು ಬರೆದೆ.

"ಹೆಣ್ಣು ಅಂತ ಹೇಗೆ ಗೊತ್ತು?"

ಏಳನೇ ನಂಬರನ್ನು ಅಂಗಾತ ಹಿಡಿದು, ಹೊಟ್ಟೆಯ ಅಗಲವಾದ ಮಡಿಕೆಯನ್ನು ಬಿಡಿಸಿ ತೋರಿಸಿದೆ. ಅವರು ಮುಖ ತಿರುಗಿಸಿಕೊಂಡರು.

"ಸಾಕು, ಸಾಕು. ಕಚೇರಿ ಕಾಗದದಲ್ಲಿ ಇದೆಲ್ಲ ಬೇಡ. ಏಡಿಗಳ ಕ್ಷೇಮ ವಿಚಾರಣೆ ಅಂತ ಬರೆಯಿರಿ."

೪. ಕ್ಷೇಮ

ನನ್ನ ಏಡಿಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ದಿನಕ್ಕೆ ಎರಡು ಸಲ ಬಿಲ ನೋಡುತ್ತಿದ್ದೆ. ನರಿ ಇರಬೇಕೆಂದು ಮುಳ್ಳು ಕಟ್ಟಿದೆ. ಕೊನೆಗೆ ಉಳಿದದ್ದು ಹನ್ನೆರಡನೇ ನಂಬರು ಒಂದೇ. ಹನ್ನೆರಡೂ ಮೊಟ್ಟೆ ಹೊತ್ತ ದಿನ ಪುಸ್ತಕದಲ್ಲಿತ್ತು, ಮರಿ ಬಿಟ್ಟ ದಿನ ಒಂದರದ್ದೂ ಇರಲಿಲ್ಲ. ಡೆಮಾನ್‌ಸ್ಟ್ರೇಟರ್ ಕೆಲಸ ಕೈತಪ್ಪಿದ ಹಾಗೆಯೇ ಎಂದುಕೊಂಡು ನೀರು ಕುಡಿಯಲು ದೊಡ್ಡಮ್ಮನ ಅಡುಗೆಮನೆಗೆ ಹೋದೆ.

ಕಿಟಕಿಯ ಮೇಲೆ ಹನ್ನೊಂದು ಚಿಪ್ಪು. ತೊಳೆದು, ನಂಬರಿನ ಕ್ರಮದಲ್ಲಿ ಜೋಡಿಸಿತ್ತು.

"ದೊಡ್ಡಮ್ಮಾ!"

"ಕೂಗಬೇಡ. ನಿನ್ನ ನಂಬರು ಒಂದೂ ಹಾಳಾಗಿಲ್ಲ."

"ನನ್ನ ಕೆಲಸಾನೇ ಸಾರು ಮಾಡಿ ತಿಂದಿರಲ್ಲ!"

"ನಾನೊಬ್ಬಳೇನಾ? ನೀನೂ ಎರಡೆರಡು ಸಲ ಹಾಕಿಸ್ಕೊಂಡೆ."

ನಾನು ಚಿಪ್ಪುಗಳನ್ನು ಮತ್ತೆ ಎಣಿಸಿದೆ. ಆಕೆ ಮುಂದುವರಿಸಿದರು.

"ಮೊಟ್ಟೆ, ಮರಿ ಹೊತ್ತದ್ದನ್ನ ಯಾರಾದ್ರೂ ಹಿಡೀತಾರಾ? ದಿನಾ ಬೆಳಿಗ್ಗೆ ಸೊಪ್ಪಿಗೆ ಹೋದಾಗ ಹೊಟ್ಟೆ ಬಿಡಿಸಿ ನೋಡ್ತಿದ್ದೆ. ಮರಿಯೆಲ್ಲ ಇಳಿದು ಹೋದ ದಿನವೇ ತಂದದ್ದು. ಮೂರನೇದು ನಿನ್ನ ಮಾವ ಬಂದ ದಿನ. ಐದು, ಎಂಟು ನಾಟಿ ಮುಗಿದ ದಿನ. ಒಂಬತ್ತು, ನಿನಗೆ ನೆಗಡಿ ಆದಾಗ."

ಓಡಿ ಹೋಗಿ ಪುಸ್ತಕ ತಂದೆ. ಆಕೆ ಒಗ್ಗರಣೆ ಹಾಕುತ್ತ ಹೇಳಿದರು, ನಾನು ಬರೆದುಕೊಂಡೆ. ಮೊಟ್ಟೆ ಹೊತ್ತ ದಿನದಿಂದ ಎಣಿಸಿದರೆ ಹನ್ನೊಂದಕ್ಕೂ ಒಂದೇ ಲೆಕ್ಕ ಬಂತು, ಹೆಚ್ಚು ಕಡಿಮೆ ಅಂದರೆ ಒಂದೆರಡು ದಿನ.

"ಹನ್ನೆರಡನೇದು?"

"ನಾಡಿದ್ದು ಬಿಡುತ್ತೆ."

ನಂಬಲಿಲ್ಲ. ನಾಡಿದ್ದು ಬೆಳಗಾಗುವ ಮೊದಲೇ ಹೋಗಿ ಕೂತೆ. ಬಿಸಿಲು ಬರುವಾಗ ತಾಯಿ ಬಿಲದ ಬಾಯಿಗೆ ಬಂತು, ಹೊಟ್ಟೆಯ ಮಡಿಕೆ ಬಿಚ್ಚಿತು. ಸಾಸಿವೆಯಷ್ಟು ಮರಿಗಳು ನೀರಿಗೆ ಇಳಿದವು. ಸಮಯ ಬರೆದು ತಲೆಯೆತ್ತಿದರೆ, ದೊಡ್ಡಮ್ಮ ಪಾತ್ರೆ ಹಿಡಿದು ನಿಂತಿದ್ದರು.

ದಾಖಲೆ ಕಳಿಸಿದೆ. ಕೆಲಸದ ಆದೇಶದ ಜೊತೆ ಪ್ರೊಫೆಸರರ ಕಾಗದ ಬಂತು: 'ಮರಿ ಬಿಟ್ಟ ದಿನವನ್ನು ಇಷ್ಟು ಖಚಿತವಾಗಿ ಗುರುತಿಸಿದ ನಿಮ್ಮ ವಿಧಾನ ಮೆಚ್ಚುವಂಥದ್ದು. ಮುಂದಿನ ಮಳೆಗಾಲದಲ್ಲೂ ಅದನ್ನೇ ಅನುಸರಿಸತಕ್ಕದ್ದು.'

ದೊಡ್ಡಮ್ಮನಿಗೆ ಓದಿ ಹೇಳಿದೆ. ಆಕೆ ಬೆರಳಲ್ಲಿ ಏನೋ ಲೆಕ್ಕ ಹಾಕಿದರು.

"ಹಾಗಾದ್ರೆ ಇಪ್ಪತ್ತನಾಲ್ಕಕ್ಕೆ ನಂಬರ್ ಹಾಕು ಮಗ. ಬರೋ ವರ್ಷ ನೆಂಟರು ಜಾಸ್ತಿ."