ಲೈಸೆನ್ಸಿಗೆ ಕಣ್ಣು ತೋರಿಸಿದ್ದು

ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುರುಕಿ ಬೆಂಕಿ ಮಾಡಿದ್ದಾಯಿತು. ಅಂಗಳ ಗುಡಿಸಿದ್ದಾಯಿತು. ಬಾವಿಯಿಂದ ನಾಲ್ಕು ಕೊಡ ನೀರು ಸೇದಿ, ನಿನ್ನೆಯ ಮೀನಿನ ಪಾತ್ರೆಯನ್ನು ವಾಸನೆ ಹೋಗುವವರೆಗೆ ಮೂರು ಸಲ ತಿಕ್ಕಿ, ಎರಡು ಕಾಯಿ ತುರಿದು, ದೋಸೆ ಹಿಟ್ಟಿಗೆ ಉಪ್ಪು ಹಾಕಿ, ಅತ್ತೆಯ ಮಾತ್ರೆಗಳನ್ನು ಬಟ್ಟಲಲ್ಲಿಟ್ಟು, ಗಂಡನ ಅಂಗಿಗೆ ಇಸ್ತ್ರಿ ಉಜ್ಜಿದ್ದೂ ಆಯಿತು. ಮುಟ್ಟಳ್ಳಿಯಲ್ಲಿ ಇನ್ನೂ ಸೂರ್ಯ ಹುಟ್ಟಿರಲಿಲ್ಲ.

ಮಾಲಿನಿ ರಜೆಯಲ್ಲಿದ್ದಳು.

ಹೌದು, ಇದು ರಜೆಯೇ! ವರ್ಷದ ಹನ್ನೊಂದು ತಿಂಗಳು ಅವಳು ಬಹರೈನ್‌ನಲ್ಲಿ ನರ್ಸು. ಕಂಪನಿ ಕೊಟ್ಟ ಬಿಳಿ ಕಾರನ್ನು ತಾನೇ ಓಡಿಸಿಕೊಂಡು ಮನೆಮನೆಗೆ ಹೋಗಿ, ಹಾಸಿಗೆ ಹಿಡಿದ ಮುದುಕರ ಬಿಪಿ ನೋಡಿ, ಗಾಯಕ್ಕೆ ಪಟ್ಟಿ ಕಟ್ಟಿ ಬರುವ ಕೆಲಸ. ಉಳಿದೊಂದು ತಿಂಗಳು ಮುಟ್ಟಳ್ಳಿಯಲ್ಲಿ ವಿಶ್ರಾಂತಿ. ಆ ವಿಶ್ರಾಂತಿ ಬೆಳಗಿನ ನಾಲ್ಕೂವರೆಗೆ ಶುರುವಾಗುತ್ತಿತ್ತು. ಹಾಗೆ ಏಳು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅದು ಬೇರೆ ಮಾತು. 'ನಾನಿಲ್ಲದೆ ಈ ಮನೆ ಹನ್ನೊಂದು ತಿಂಗಳು ಹೇಗೆ ನಿಂತಿತ್ತೋ!' ಎಂದು ಪಾತ್ರೆ ತಿಕ್ಕುವಾಗ ಅನ್ನಿಸುತ್ತದಲ್ಲ, ಆ ಸುಖವನ್ನು ಬಿಟ್ಟು ಮಲಗುವುದು ಹೇಗೆ?

ಆದರೆ ಇವತ್ತಿನ ಎದೆಯುಬ್ಬುವಿಕೆಗೆ ಬೇರೆ ಕಾರಣವಿತ್ತು. ಅವಳ ಬಹರೈನ್ ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿಯುತ್ತಿತ್ತು. ಇವತ್ತು ಸಂಜೆ ಆರರೊಳಗೆ ಮೊಬೈಲಿನಲ್ಲೇ ಅರ್ಜಿ ಕಳಿಸದಿದ್ದರೆ ಕಾರು ಬೇರೆ ನರ್ಸಿಗೆ, ಮಾಲಿನಿ ವಾರ್ಡಿಗೆ ಎಂದು ಕಂಪನಿಯವರು ಬರೆದಿದ್ದರು. ವಾರ್ಡಿನ ಕೆಲಸಕ್ಕೆ ಅವಳು ಹೆದರುವವಳಲ್ಲ. ಆದರೆ ಆ ಕಾರು! ಬಾಗಿಲು ಹಾಕಿಕೊಂಡರೆ ಒಳಗೆ ಅವಳೊಬ್ಬಳೇ. ಉಪ್ಪು ಎಲ್ಲಿದೆ, ಟವೆಲ್ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ನಲವತ್ತೊಂದು ವರ್ಷದ ಬಾಳಿನಲ್ಲಿ ಅವಳಿಗೆ ಸಿಕ್ಕ, ಒಳಗಿನಿಂದ ಚಿಲಕ ಹಾಕಬಹುದಾದ ಏಕೈಕ ಕೋಣೆ ಅದು. ಅದಕ್ಕೆ ಚಕ್ರ ಇದ್ದದ್ದು ಇನ್ನೂ ಒಳ್ಳೆಯದೇ ಆಯಿತು.

ಅರ್ಜಿಯ ಬಹುಪಾಲು ನಿನ್ನೆಯೇ ತುಂಬಿಟ್ಟಿದ್ದಳು. ಬೇಕಾದದ್ದು ಒಂದು ಹೊಸ ಫೋಟೋ, ಒಂದು ಕಣ್ಣಿನ ಸರ್ಟಿಫಿಕೇಟು. ಪಕ್ಕದ ಭಟ್ಕಳದಲ್ಲೇ ಮಾಡಿಸಿದರೆ ಅವಳು ಮೆಟ್ಟಿಲಿಳಿಯುವುದರೊಳಗೆ ಸುದ್ದಿ ಮುಟ್ಟಳ್ಳಿ ಮುಟ್ಟುತ್ತದೆ. ಆಮೇಲೆ ಗಂಡ ನರೇಶ 'ಇನ್ನೂ ಎಂತಕ್ಕೆ ಲೈಸೆನ್ಸು?' ಎಂದು ರಾಗ ಎಳೆಯುತ್ತಾನೆ. ಹಾಗಾಗಿ ಫೋಟೋ ಹೊನ್ನಾವರದಲ್ಲಿ, ಕಣ್ಣು ಕುಮಟಾದಲ್ಲಿ! ಒಬ್ಬರಿಗೂ ಸುಳಿವು ಕೊಡದೆ, ಒಬ್ಬರ ಸಹಾಯವೂ ಇಲ್ಲದೆ, ಮಧ್ಯಾಹ್ನದ ಊಟದೊಳಗೆ ಮುಗಿಸಿ ಬರುತ್ತೇನೆ ಎಂದು ಮಾಲಿನಿ ಗುರುತಿಗೆ ಬೇಕಾದೀತೆಂದು ಪಾಸ್‌ಪೋರ್ಟನ್ನು ಬ್ಯಾಗಿಗಿಳಿಸಿ, ಸೆರಗು ಸಿಕ್ಕಿಸಿ ಹೊರಟಳು.

"ಎಲ್ಲಿಗೆ ಹೊಂಟೆ?" ಜಗಲಿಯಲ್ಲಿ ಪೇಪರು ಹಿಡಿದಿದ್ದ ನರೇಶ ಕೇಳಿದ.

"ಹೊನ್ನಾವರಕ್ಕೆ. ರವಿಕೆಗೆ ಮ್ಯಾಚಿಂಗ್ ಬಟ್ಟೆ ತರೂಕೆ."

"ಭಟ್ಕಳದಲ್ಲಿ ಬಟ್ಟೆ ಖಾಲಿ ಆತಾ?"

"ಆ ಬಣ್ಣ ಸಿಗುದಿಲ್ಲ."

"ಯಾವ ಬಣ್ಣ?"

ಇಷ್ಟು ದೂರ ಅವಳು ಯೋಚಿಸಿರಲಿಲ್ಲ. "ಅದೇ... ನವಿಲಿನ ಬಣ್ಣ."

ಅತ್ತೆ ಗಣಪಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆಯೆತ್ತಿದಳು. "ನವಿಲಿಗೆ ಹದಿನಾಲ್ಕು ಬಣ್ಣ. ಎಂತದ್ದು?"

ಮಾಲಿನಿ ಬಸ್ ಬಂತೆಂದು ಓಡಿದಳು. ಬಸ್ ಇನ್ನೂ ಬಂದಿರಲಿಲ್ಲ.

ಬಂದ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರು? ನೆರೆಮನೆಯ ಹನುಮಕ್ಕ! ಹೊನ್ನಾವರದವರೆಗೆ ಹನುಮಕ್ಕ ಅವಳ ಬ್ಯಾಗನ್ನು ನೋಡಿದಳೇ ಹೊರತು ಕಿಟಕಿಯಾಚೆ ನೋಡಲಿಲ್ಲ. ಇಳಿದ ಮೇಲೆ ಮಾಲಿನಿ ಬಟ್ಟೆಯಂಗಡಿಗೆ ಹೊಕ್ಕು, ಹನುಮಕ್ಕ ಮರೆಯಾದಳೆಂದು ಖಾತ್ರಿ ಮಾಡಿಕೊಂಡು, ಕಳ್ಳಿಯ ಹಾಗೆ ಗೋಡೆ ಹಿಡಿದು ನಡೆದು ಸ್ಟುಡಿಯೋ ಸೇರಿದಳು. ಅರ್ಜಿಯ ಫೋಟೋದಲ್ಲಿ ಕಿವಿ ಕಾಣಬೇಕು, ಹಲ್ಲು ಕಾಣಬಾರದು! ಆತು. ಫೋಟೋವನ್ನು ಮೊಬೈಲಿಗೆ ಹಾಕಿಸಿಕೊಂಡು ಕುಮಟಾ ಬಸ್ ಹತ್ತಿದರೆ, ಮೂರನೇ ಸೀಟಿನಲ್ಲಿ ಹನುಮಕ್ಕ ಜಾಗ ಹಿಡಿದು ಕಾಯುತ್ತಿದ್ದಳು.

"ಬಟ್ಟೆ ಸಿಕ್ತನೇ?"

"ಇಲ್ಲ ಹನುಮಕ್ಕ. ಕುಮಟಾದಲ್ಲಿ ನೋಡ್ತೆ."

"ಹೌದಾ. ಈಗ ಫೋಟೋ ತೆಗೆಯುವ ಅಂಗಡಿಯಲ್ಲೂ ಬಟ್ಟೆ ಇಡ್ತಾರೆ ಅಲ್ದಾ?"

ಮಾಲಿನಿ ಕಿಟಕಿಯಾಚೆ ನೋಡಿದಳು. ಹನುಮಕ್ಕ ಮೊಬೈಲು ತೆಗೆದು, ಸೆರಗು ಬಾಯಿಗೆ ಅಡ್ಡ ಹಿಡಿದು, ಕಂಡಕ್ಟರನಿಗೂ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಗಣಪಕ್ಕಾ, ನಾ ಯಾರ ಸುದ್ದಿಗೂ ಹೋಗುವವಳಲ್ಲ. ಆದ್ರೂ ನಿಮ್ಮನೆ ಕಪಾಟು ಒಂದ್ಸಲ ನೋಡ್ಕಳಿ."

ಕುಮಟಾದ ಕಣ್ಣಿನ ಡಾಕ್ಟರು ಪ್ರಿಯಂವದಾ ಒಳ್ಳೆಯ ಹೆಂಗಸು. ಮಾಲಿನಿ ಗೋಡೆಯ ಮೇಲಿನ ಅಕ್ಷರಗಳನ್ನು ಮೇಲಿನಿಂದ ಕೊನೆಯ ಸಾಲಿನವರೆಗೆ, ಕೊನೆಗೆ ಚಾರ್ಟು ಅಚ್ಚು ಹಾಕಿದ ಪ್ರೆಸ್ಸಿನ ಹೆಸರನ್ನೂ ಓದಿ ಬಿಸಾಕಿದಳು. "ಹದ್ದಿನ ಕಣ್ಣು ನಿಮ್ಮದು," ಎಂದು ಡಾಕ್ಟರು ಸರ್ಟಿಫಿಕೇಟಿಗೆ ಸಹಿ ಮಾಡಿ, ಮೊಹರು ಒತ್ತಿ ಕೊಟ್ಟರು. ಮಾಲಿನಿ ಅಲ್ಲೇ ಅದರ ಚಿತ್ರ ತೆಗೆದು ಅರ್ಜಿಗೆ ಸೇರಿಸಿದಳು. ಗಂಟೆ ಇನ್ನೂ ಹನ್ನೊಂದೂವರೆ! ಕೊನೆಯ ಒಂದು ಪುಟ ಒತ್ತಿದರೆ ಮುಗಿಯಿತು.

ಆಗ ಎದ್ದು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಮುಟ್ಟಳ್ಳಿಯಿಂದ ಕುಮಟಾದವರೆಗೆ ಬಂದು ಒಂದೇ ಕೆಲಸ ಮಾಡಿ ಹಿಂತಿರುಗಿದ ಮನುಷ್ಯ ಇನ್ನೂ ಹುಟ್ಟಿಲ್ಲ. ಹಲ್ಲಿಗೆಂದು ಹೋದವರು ಮಂಡಿಯನ್ನೂ ತೋರಿಸಿ, ಕೊಡೆ ರಿಪೇರಿ ಮಾಡಿಸಿ, ಮೀನು ಕೊಂಡು ಬರುತ್ತಾರೆ. 'ಬಂದದ್ದು ಬಂದಾಯಿತು' ಎಂಬುದು ಆ ಊರಿನ ಹುಟ್ಟುರೋಗ.

"ಡಾಕ್ಟ್ರೆ, ಬಂದದ್ದು ಬಂದಾಯ್ತು, ಇದೂ ನೋಡಿ. ಊರಿಗೆ ಬಂದಾಗಿಂದ ಬೆಳಿಗ್ಗೆ ಕಣ್ಣು ಉರೀತದೆ, ತಲೆ ಸಿಡೀತದೆ."

"ಬೆಳಿಗ್ಗೆ ಏನು ಮಾಡ್ತೀರಿ?"

"ಎಂತದೂ ಇಲ್ಲ. ರಜೆ ಅಲ್ವಾ? ಬಚ್ಚಲಿಗೆ ಬೆಂಕಿ ಹಾಕ್ತೆ ಅಷ್ಟೆ."

ಡಾಕ್ಟರು ಔಷಧಿಯ ಸೀಸೆ ಕೈಗೆತ್ತಿಕೊಂಡರು. "ಒಳಗಿನ ನರವನ್ನೂ ನೋಡಿಬಿಡೋಣ. ಔಷಧಿ ಬಿಡಬೇಕು. ಆಮೇಲೆ ಸ್ವಲ್ಪ ಹೊತ್ತು..." ಎಂದು ಏನೋ ವಿವರಿಸಿದರು. ಮಾಲಿನಿ "ಆತು, ಆತು," ಎಂದಳು. ಅವಳ ಮನಸ್ಸು ಮೀನುಪೇಟೆಯಲ್ಲಿ ಬಂಗಡೆ ಕೊಳ್ಳಬೇಕೋ ನೊಗಲಿಯೋ ಎಂಬಲ್ಲಿತ್ತು.

ಔಷಧಿ ಬಿತ್ತು. ಅರ್ಧ ಗಂಟೆಯಲ್ಲಿ ಹದ್ದು ಗೂಬೆಯಾಯಿತು! ಸರ್ಟಿಫಿಕೇಟು ಹತ್ತಿಯ ಉಂಡೆ, ಮೊಬೈಲು ಹೊಳೆಯುವ ಸೋಪು. ಅದರ ಮೇಲೆ ಅಕ್ಷರ ಎಂಬುದೇ ಇಲ್ಲ.

"ನಾಲ್ಕು ತಾಸು ಹತ್ತಿರದ್ದು ಕಾಣುವುದಿಲ್ಲ, ದೂರದ್ದೂ ಮಸುಕು," ಎಂದರು ಡಾಕ್ಟರು. "ಗಾಡಿ ಓಡಿಸಬೇಡಿ."

"ಅಯ್ಯೋ! ಮೊದಲೇ ಹೇಳೂಕಾಗ್ಲಿಲ್ವಾ?"

"ಹೇಳಿದೆನಲ್ಲ. ನೀವು ಆತು ಆತು ಅಂದಿರಿ."

ಬಾಗಿಲು ದಡಾರನೆ ತೆರೆಯಿತು. ಎರಡು ಮಸುಕು ಆಕಾರಗಳು ಒಳನುಗ್ಗಿದವು. ಒಂದು ಎತ್ತರ, ಒಂದು ಗಿಡ್ಡ. ಎತ್ತರದ್ದು ಗುಡುಗಿತು:

"ಮ್ಯಾಚಿಂಗ್ ಬಟ್ಟೆಗೆ ಪಾಸ್‌ಪೋರ್ಟ್ ಎಂತಕ್ಕೆ ಬೇಕು?"

ನರೇಶ! ತೆಂಗಿನಕಾಯಿ ವ್ಯಾಪಾರದ ಓಮ್ನಿಯಲ್ಲಿ, ಕಾಯಿ ಚೀಲದ ಜೊತೆಗೆ ತಾಯಿಯನ್ನೂ ಹೇರಿಕೊಂಡು ಬಂದಿದ್ದ. ಆಸ್ಪತ್ರೆಯ ಬಾಗಿಲವರೆಗೆ ದಾರಿ ತೋರಿಸಿದ ಹನುಮಕ್ಕ ಯಾರ ಸುದ್ದಿಗೂ ಹೋಗದೆ ಹೊರಗೇ ಉಳಿದಿದ್ದಳು.

"ಕಪಾಟಿನಲ್ಲಿ ಪಾಸ್‌ಪೋರ್ಟಿಲ್ಲ, ಹೊನ್ನಾವರದಲ್ಲಿ ಫೋಟೋ, ಕುಮಟಾದಲ್ಲಿ ಮೆಡಿಕಲ್ಲು! ನಂಗೆ ತಿಳೂದಿಲ್ಲ ಅಂತ ಮಾಡಿದ್ಯಾ? ಕೆನಡಾಕ್ಕೆ ಹೊಂಟೆ, ಅಲ್ದಾ?"

"ನೀ ಸುಮ್ನಿರಾ," ಗಿಡ್ಡ ಆಕಾರ ಅವಳ ಕೈಹಿಡಿಯಿತು. "ಎಂತ ಕಾಯಿಲೆನೇ? ನಂಗೊಬ್ಬಳಿಗೇ ಹೇಳು. ಅವಂಗೆ ಹೇಳುದಿಲ್ಲ."

"ಅಬ್ಬೆ, ನಾ ಇಲ್ಲೇ ನಿಂತಿದ್ದೆ!"

ಬೇರೆ ದಾರಿಯಿರಲಿಲ್ಲ. ಮಾಲಿನಿ ಲೈಸೆನ್ಸಿನ ಕತೆಯನ್ನೆಲ್ಲ ಒಪ್ಪಿಸಿದಳು. ನರೇಶನಿಗೆ ನಂಬಿಕೆ ಬರಲಿಲ್ಲ. ಇಷ್ಟು ಸಪ್ಪೆ ವಿಷಯಕ್ಕೆ ಯಾರಾದರೂ ಇಷ್ಟು ಸುಳ್ಳು ಹೇಳುತ್ತಾರೆಯೇ?

"ತೋರ್ಸು ಅದೆಂತ ಅರ್ಜಿ."

ಮೊಬೈಲನ್ನು ಕಿತ್ತುಕೊಂಡು ಮುಖದ ಮುಂದೆ ಹಿಡಿದ. ಮೊಳದಷ್ಟು ಆಚೆ ಹಿಡಿದ. ತೋಳು ಮುಗಿಯಿತು, ಅಕ್ಷರ ಸಿಗಲಿಲ್ಲ.

"ಎಂತದಿದು, ಅರಬ್ಬಿಯಲ್ಲುಂಟು!"

ಗಣಪಿ ಬಗ್ಗಿ ನೋಡಿದಳು. "ಇಂಗ್ಲೀಷಾ ಅದು. ನಾಕನೇ ಕ್ಲಾಸಿನ ನಂಗೇ ಗೊತ್ತಾತು. ನಿಂಗೆ ಕಾಣುದಿಲ್ಲ ಅಂತ ಹೇಳು."

"ಕಾಣುದಿಲ್ವಾ? ನಂಗಾ?"

ಡಾಕ್ಟರ ಕಿವಿ ನೆಟ್ಟಗಾಯಿತು. "ಈ ಕಣ್ಣಲ್ಲಿ ಮುಟ್ಟಳ್ಳಿಯಿಂದ ಗಾಡಿ ಓಡಿಸಿಕೊಂಡು ಬಂದಿರಾ? ಕೂತುಕೊಳ್ಳಿ."

ಹೆಂಡತಿಯ ಹದ್ದುಗಣ್ಣಿನ ಸುದ್ದಿ ಕೇಳಿದ ಮೇಲೆ ಗಂಡಸು ಹಿಂದೆ ಬೀಳುವುದುಂಟೇ? "ಬಂದದ್ದು ಬಂದಾತು, ನೋಡಿಬಿಡಿ!" ಎಂದು ನರೇಶ ಸಿಂಹಾಸನವೇರಿದ. ಮೊದಲ ಸಾಲಿನ ದೊಡ್ಡ ಅಕ್ಷರವನ್ನು ಘರ್ಜಿಸಿದ. ಎರಡನೆಯ ಸಾಲನ್ನು ಅಂದಾಜಿನ ಮೇಲೆ ಹೇಳಿದ. ಮೂರನೆಯ ಸಾಲಿಗೆ, "ಅಲ್ಲಿ ನೊಣ ಕೂತದೆ, ಓಡ್ಸಿ," ಎಂದ. ಡಾಕ್ಟರು ಅವನ ಕಣ್ಣಿಗೂ ಔಷಧಿ ಬಿಟ್ಟರು.

ಓಮ್ನಿ ಅಲ್ಲೇ ಉಳಿಯಿತು. ಆ ಮಧ್ಯಾಹ್ನ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿದ್ದವರು ಕಂಡ ಮೆರವಣಿಗೆ ಹೀಗಿತ್ತು: ಎಪ್ಪತ್ತರ ಗಣಪಿ ನಡುವೆ, ಬಲಗೈಯಲ್ಲಿ ಆಸ್ಪತ್ರೆಯವರು ಕೊಟ್ಟ ಕರಿ ಪ್ಲಾಸ್ಟಿಕ್ ಕನ್ನಡಕದ ಮಗ, ಎಡಗೈಯಲ್ಲಿ ಅಂಥದ್ದೇ ಕನ್ನಡಕದ ಸೊಸೆ. ಮನೆಯಲ್ಲಿ ಗಾಡಿ ಓಡಿಸಲು ಬರುವವರು ಇಬ್ಬರು, ಬಸ್ಸಿನ ಬೋರ್ಡು ಕಾಣುವವಳು ಒಬ್ಬಳು!

"ಭಟ್ಕಳದ್ದಾ ಅಬ್ಬೆ?"

"ಶಿರ್ಸಿದು. ಮುಚ್ಕಂಡು ನಿಲ್ಲು."

ಭಟ್ಕಳದ ಬಸ್ಸು ನಾಲ್ಕಕ್ಕೆ ಹೊರಟಿತು. ನರೇಶ ಕಿಟಕಿಗೆ ತಲೆಯಾನಿಸಿ, "ಎಷ್ಟು ವರ್ಷಕ್ಕೆ ಅಂತ ಕೇಳಿದ್ರೆ ಒಂದೇ ಹಾಕು, ಆತಾ?" ಎಂದು ಅಪ್ಪಣೆ ಕೊಡಿಸಿ ನಿದ್ದೆ ಹೋದ. ಮಾಲಿನಿಯ ಮಡಿಲಲ್ಲಿ ಮೊಬೈಲು ಹೊಳೆಯುತ್ತಿತ್ತು, ಇನ್ನೂ ಸೋಪಾಗಿಯೇ. ಆರರೊಳಗೆ ಕಣ್ಣು ಬಾರದಿದ್ದರೆ ಕಾರು ಹೋಯಿತು. ಔಷಧಿಗೋ ಸಂಕಟಕ್ಕೋ, ಕಣ್ಣಿಂದ ನೀರಿಳಿಯತೊಡಗಿತು.

"ಅತ್ತೆ, ಸಿಟ್ಟಾಗ್ಬೇಡಿ," ಎಂದಳು. "ನಾನಿಲ್ದಿದ್ರೆ ನಿಮಗೆ ಎಷ್ಟು ಕಷ್ಟ ಆಗ್ತದೆ ಅಂತ ನಂಗೆ ಗೊತ್ತು. ಇದೊಂದು ವರ್ಷ ಅಷ್ಟೆ..."

ಈ ಮಾತನ್ನು ಅವಳು ಏಳು ವರ್ಷದಿಂದ ಹೇಳುತ್ತಿದ್ದಳು.

ಗಣಪಿ ಮಗನ ಕಡೆ ನೋಡಿ, ಗೊರಕೆ ಖಚಿತಪಡಿಸಿಕೊಂಡು ಬಾಯಿ ತೆರೆದಳು. "ಕಷ್ಟ ಯಾರಿಗೆ ಅಂದೆ?"

"ನಿಮಗೆ."

"ನೀ ಇಲ್ದೇ ಇದ್ದಾಗ ಬೆಂಕಿ ಹಾಕೂದು ಅವ. ನೀರು ಸೇದೂದು ಅವ. ಪಾತ್ರೆ ತಿಕ್ಕೂದು ಅವ. ಮೀನು ಕೊಯ್ಯೂಕೂ ಕಲ್ಸಿದ್ದೆ. ನೀ ವಿಮಾನ ಇಳಿದ ದಿನ ಅವ ಕುರ್ಚಿ ಹಿಡೀತಾ ನೋಡು, ಅಲ್ಲಿಗೆ ಮುಗೀತು! ನೀ ಹೋದ ಮೇಲೆ ಅವನ್ನ ಆ ಕುರ್ಚಿಯಿಂದ ಎಬ್ಸೂಕೆ ನಂಗೆ ಎರಡು ತಿಂಗಳು ಬೇಕು. ಪ್ರತಿ ವರ್ಷ ನಾ ಕಟ್ಟೂದು, ನೀ ಬಂದು ಕೆಡವೂದು."

ಮಾಲಿನಿ ಗೊರಕೆ ಬಂದ ಕಡೆಗೆ ತಿರುಗಿ ನೋಡಿದಳು.

"ಮತ್ತೊಂದು," ಗಣಪಿ ದನಿ ತಗ್ಗಿಸಿದಳು. "ನಾಕೂವರೆಗೆ ಎದ್ದು ಅದೆಂತ ಪಾತ್ರೆ ಕುಟ್ತೆ ಮಾರಾಯ್ತಿ? ನಿನ್ನ ರಜೆ ಮುಗಿಯೂವರೆಗೆ ನಂಗೆ ನಿದ್ದೆ ಇಲ್ಲ."

ಬಹರೈನ್‌ನಿಂದ ಹೊತ್ತು ತಂದ ತ್ಯಾಗವೆಲ್ಲ ಬಸ್ಸಿನ ನೆಲದ ಮೇಲೆ ಉರುಳಿಹೋಯಿತು. ಇದು ನಿಜವೇ? ಅಥವಾ ಸೊಸೆಯನ್ನು ಓಡಿಸುವ ಹೊಸ ಉಪಾಯವೇ? ಮಾಲಿನಿ ಸಂಶಯದಿಂದ ಅತ್ತೆಯ ಮುಖ ನೋಡಿದಳು. ಮಸುಕಿನಲ್ಲಿ ಅದು ನಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ.

"ಎರಡು ವರ್ಷ ಹಾಕು," ಎಂದಳು ಗಣಪಿ. "ಮಧ್ಯ ಬರೂಕೆ ಹೋಗ್ಬೇಡ. ಅಷ್ಟರೊಳಗೆ ಪೂರಾ ಪಳಗಿಸಿ ಇಡ್ತೆ." ಅಷ್ಟು ಹೇಳಿ ಅವಳೂ ಕಣ್ಣು ಮುಚ್ಚಿದಳು.

ಹೊನ್ನಾವರ ದಾಟಿತು. ಶರಾವತಿ ಬರೀ ಬೆಳಕಿನ ಪಟ್ಟೆಯಾಗಿ ಹಿಂದೆ ಸರಿಯಿತು. ಮಂಕಿ ದಾಟುವಾಗ ಸೋಪಿನ ಮೇಲೆ ಇರುವೆಗಳು ಮೂಡಿದವು. ಇರುವೆಗಳು ಸಾಲಾದವು, ಸಾಲುಗಳು ಅಕ್ಷರಗಳಾದವು. ಗಂಟೆ ಐದೂ ಇಪ್ಪತ್ತು. ಕೊನೆಯ ಪುಟದಲ್ಲಿ ಒಂದೇ ಪ್ರಶ್ನೆ ಇತ್ತು: ಎಷ್ಟು ವರ್ಷಕ್ಕೆ? ಒಂದು, ಎರಡು, ಐದು.

ಇಷ್ಟು ವರ್ಷ ಒಂದನ್ನು ಒತ್ತುವಾಗ ಅವಳಿಗೆ ಯೋಚನೆಯೇ ಬರುತ್ತಿರಲಿಲ್ಲ. ಮನೆ ನಿಲ್ಲಬೇಕಲ್ಲ, ಗಂಡ, ಅತ್ತೆ... ಕಾರಣಗಳು ತಾವಾಗಿ ಬಂದು ಬೆರಳನ್ನು ಹಿಡಿದು ಒತ್ತಿಸುತ್ತಿದ್ದವು. ಇವತ್ತು ನೋಡಿದರೆ ಮನೆ ಅವಳಿಲ್ಲದೆಯೇ ಚೆನ್ನಾಗಿ ನಿಂತಿದೆ. ಹಿಡಿದುಕೊಳ್ಳಲು ಒಂದು ಕಾರಣವೂ ಇಲ್ಲ. ಅತ್ತೆ ಮಲಗಿದ್ದಾಳೆ, ಗಂಡ ಮಲಗಿದ್ದಾನೆ, ಬೆರಳು ಅವಳೊಬ್ಬಳದೇ. ಬಸ್ಸಿನ ಕುಲುಕು ತನ್ನ ಪರವಾಗಿ ಏನನ್ನಾದರೂ ಒತ್ತೀತೆಂದು ಅನುಮಾನ ಬಂದು, ಅವಳು ಮೊಣಕೈಯನ್ನು ಮುಂದಿನ ಸೀಟಿನ ಸರಳಿಗೆ ಗಟ್ಟಿಯಾಗಿ ಒತ್ತಿ ಹಿಡಿದಳು.

ನರೇಶ ಕನ್ನಡಕದ ಸಮೇತ ಮಗ್ಗುಲು ಹೊರಳಿದ. "ಏ, ಮನೆ ಮುಟ್ಟಿದ ಕೂಡ್ಲೆ ಒಂದು ಖಡಕ್ ಚಾ ಮಾಡೇ. ತಲೆ ಸಿಡೀತದೆ."

ಅವನು ಚಾ ಕೇಳಿದ ಸಿಟ್ಟಿಗೆ ಐದು ಒತ್ತಿಬಿಟ್ಟೆ ಎಂದು ಮಾಲಿನಿ ಆಮೇಲೆ ಯಾರಿಗೆ ಬೇಕಾದರೂ ಹೇಳಬಹುದಿತ್ತು, ಎಲ್ಲರೂ ನಂಬುತ್ತಿದ್ದರು. ಆದರೆ ಅವನು ಬಾಯಿ ತೆರೆಯುವ ಮೊದಲೇ ಅವಳು ಐದನ್ನು ಒತ್ತಿ ಆಗಿತ್ತು.